ಓದಿನ ಖರ್ಚಿಗೆ ತೆರಿಗೆ ಕಡಿತ: ಆಸ್ಟ್ರೇಲಿಯಾದ ನಿಯಮ ಬೆಳೆದು ಬಂದ ಬಗೆ

ಜುಲೈ ಬಂತೆಂದರೆ ಆಸ್ಟ್ರೇಲಿಯಾದಲ್ಲಿ ಟ್ಯಾಕ್ಸ್ ರಿಟರ್ನ್ ತುಂಬುವ ಕಾಲ. ದುಡಿಯುತ್ತಲೇ ಓದುವವರು ಆಗ ಕೇಳುವ ಪ್ರಶ್ನೆ ಒಂದೇ: ಕೋರ್ಸಿಗೆ ಕಟ್ಟಿದ ಹಣವನ್ನು ಆದಾಯದಿಂದ ಕಳೆಯಬಹುದೆ? ಅದೇ ವಿಶ್ವವಿದ್ಯಾಲಯ, ಅದೇ ತರಗತಿ, ಅದೇ ಫೀಸು. ಆದರೂ ಒಬ್ಬರಿಗೆ ಸಿಗುತ್ತದೆ, ಪಕ್ಕದಲ್ಲಿ ಕೂತವರಿಗೆ ಸಿಗುವುದಿಲ್ಲ. ಕರ್ನಾಟಕದಿಂದ ಹೋಗಿ ನೆಲೆಸಿದವರಿಗೆ ಇದು ಇನ್ನಷ್ಟು ಗೋಜಲು. ಭಾರತದಲ್ಲಿ ಸಂಬಳದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಉಂಟು, ಓದಿನ ಸಾಲದ ಬಡ್ಡಿಗೆ ಹಳೇ ಪದ್ಧತಿಯಲ್ಲಿ ಕಡಿತ ಉಂಟು. ಸ್ವಂತ ಓದಿನ ಫೀಸನ್ನು ಸಂಬಳದಿಂದ ಕಳೆಯುವ ರೂಢಿ ಇಲ್ಲ.

ಅಚ್ಚರಿಯೆಂದರೆ, ಸ್ವಂತ ಓದಿಗೆ ಕಡಿತ ಕೊಡಲೆಂದೇ ಬರೆದ ಕಲಮು ಆಸ್ಟ್ರೇಲಿಯಾದ ಕಾನೂನಿನಲ್ಲೂ ಇಲ್ಲ. 1936ರ ಆದಾಯ ತೆರಿಗೆ ಕಾಯ್ದೆಯ 51ನೇ ಕಲಮು, ಈಗ 1997ರ ಕಾಯ್ದೆಯ 8-1, ಹೇಳುವುದು ಸಾಮಾನ್ಯ ಮಾತನ್ನು: ಆದಾಯ ಗಳಿಸುವುದಕ್ಕಾಗಿ ಆದ ಖರ್ಚು ಕಳೆಯಬಹುದು, ಖಾಸಗಿ ಖರ್ಚು ಕಳೆಯುವಂತಿಲ್ಲ. ಓದು ಯಾವ ಪಾಲಿಗೆ ಸೇರಬೇಕೆಂದು ತೀರ್ಮಾನಿಸಿದ್ದು ನ್ಯಾಯಾಲಯಗಳು. 1961ರ ಫಿನ್ ಪ್ರಕರಣದಲ್ಲಿ, ಸರ್ಕಾರಿ ನೌಕರಿಯಲ್ಲಿದ್ದ ವಾಸ್ತುಶಿಲ್ಪಿಯೊಬ್ಬರು ರಜೆಯಲ್ಲಿ ವಿದೇಶಕ್ಕೆ ಹೋಗಿ ಅಲ್ಲಿನ ಕಟ್ಟಡಗಳನ್ನು ಅಭ್ಯಾಸ ಮಾಡಿದ ವೆಚ್ಚಕ್ಕೆ ಹೈಕೋರ್ಟ್ ಕಡಿತ ಒಪ್ಪಿತು. (ಅಲ್ಲಿ ಹೈಕೋರ್ಟ್ ಎಂದರೆ ದೇಶದ ಅತ್ಯುನ್ನತ ನ್ಯಾಯಾಲಯ.) 1971ರ ಹ್ಯಾಚೆಟ್ ಪ್ರಕರಣ ಗೆರೆಯನ್ನು ಇನ್ನೂ ಸ್ಪಷ್ಟವಾಗಿ ಎಳೆಯಿತು. ಶಾಲಾ ಶಿಕ್ಷಕರೊಬ್ಬರು ಪಡೆದ ವೃತ್ತಿ ಪ್ರಮಾಣಪತ್ರ ನೇರವಾಗಿ ಸಂಬಳ ಏರಿಸಿತು, ಹಾಗಾಗಿ ಅದರ ಖರ್ಚಿಗೆ ಕಡಿತ ಸಿಕ್ಕಿತು. ಅವರೇ ಕಟ್ಟಿದ ಪದವಿ ತರಗತಿಯ ಫೀಸಿಗೆ ಸಿಗಲಿಲ್ಲ. ಅದೇ ವರ್ಷ ರಗ್ಬಿ ಆಟಗಾರರೊಬ್ಬರ ಮ್ಯಾಡಲೀನಾ ಪ್ರಕರಣದಲ್ಲಿ, ಹೊಸ ಕೆಲಸ ಹಿಡಿಯಲು ಮಾಡಿದ ಖರ್ಚು ಆದಾಯ ಗಳಿಕೆಯ ಖರ್ಚಲ್ಲ ಎಂಬ ತೀರ್ಪು ಬಂತು. ಈ ಮೂರರ ನೆರಳಿನಿಂದ ನಿಯಮ ಇವತ್ತಿಗೂ ಹೊರಬಂದಿಲ್ಲ. ಕೈಯಲ್ಲಿರುವ ಕೆಲಸಕ್ಕೆ ಓದು ನೆರವಾದರೆ ಸರಿ. ಮುಂದೆ ಸೇರಬೇಕೆಂದಿರುವ ಕೆಲಸಕ್ಕಾದರೆ ಇಲ್ಲ.

ಜನರನ್ನು ಅತಿ ಹೆಚ್ಚು ಕಾಲ ಕಾಡಿದ್ದು ಮಾತ್ರ 250 ಡಾಲರಿನ ಕೊಕ್ಕೆ. 1970ರ ದಶಕದಲ್ಲಿ ಓದಿನ ಖರ್ಚಿನ ಮೊದಲ 250 ಡಾಲರಿಗೆ ಪ್ರತ್ಯೇಕ ರಿಬೇಟ್, ಅಂದರೆ ಕಟ್ಟುವ ತೆರಿಗೆಯಲ್ಲೇ ವಿನಾಯಿತಿ, ಇತ್ತು. ಒಂದೇ ಹಣಕ್ಕೆ ಎರಡು ಸಲ ಲಾಭ ಆಗಬಾರದೆಂದು, ಅದಕ್ಕಿಂತ ಮೇಲಿನದಕ್ಕೆ ಮಾತ್ರ ಕಡಿತ ಎಂದು 82ಎ ಕಲಮು ಹಾಕಿದರು. ಆಗಿನ ಮಟ್ಟಿಗೆ ಅದು ನ್ಯಾಯವೇ. 1980ರ ದಶಕದಲ್ಲಿ ರಿಬೇಟ್ ಹೋಯಿತು, 82ಎ ಉಳಿಯಿತು. ಆಮೇಲೆ ದಶಕಗಟ್ಟಲೆ ಕಾರಣವೇ ಇಲ್ಲದ ನಿಯಮವೊಂದನ್ನು ಜನ ಪಾಲಿಸಿದರು.

ಪಾಲಿಸುವುದೂ ಸುಲಭವಿರಲಿಲ್ಲ. ಖರ್ಚನ್ನು ಎ ಯಿಂದ ಇ ವರೆಗೆ ಐದು ಗುಂಪು ಮಾಡಬೇಕಿತ್ತು. ಫೀಸು, ಪುಸ್ತಕ ಮೊದಲ ಗುಂಪಿಗೆ. ಕಂಪ್ಯೂಟರಿನ ಸವಕಳಿ (ವರ್ಷ ವರ್ಷ ಇಳಿಯುವ ಬೆಲೆ), ರಿಪೇರಿ, ಕಾರಿನ ಖರ್ಚು ನಂತರದವಕ್ಕೆ. ಕೊನೆಯದಾದ ‘ಇ’ ಗುಂಪಿನಲ್ಲಿ ಇದ್ದದ್ದು ಕಡಿತಕ್ಕೇ ಬಾರದ ಖರ್ಚು, ಉದಾಹರಣೆಗೆ ತರಗತಿಗೆ ಹೋದಾಗ ಮಗುವನ್ನು ನೋಡಿಕೊಂಡವರಿಗೆ ಕೊಟ್ಟ ಹಣ. ಅದನ್ನು ಕಳೆಯುವಂತಿಲ್ಲ, ಆದರೆ 250ಕ್ಕೆ ವಜಾ ಹಾಕಿಕೊಳ್ಳಬಹುದಿತ್ತು. ಫೀಸು 1,400, ಮಗುವಿನ ಆರೈಕೆಗೆ 180 ಆಗಿದ್ದರೆ 250ರಲ್ಲಿ 180 ಹೋಗಿ 70 ಉಳಿಯುತ್ತದೆ. 1,400ರಲ್ಲಿ 70 ಕಳೆದು 1,330ಕ್ಕೆ ಕಡಿತ. ಇದು ಗೊತ್ತಿಲ್ಲದೆ ಆರೈಕೆಯ ರಸೀದಿ ಎಸೆದವರು 1,150 ಮಾತ್ರ ಬರೆದರು. 2021ರ ಬಜೆಟ್ಟಿನಲ್ಲಿ ಈ ಕೊಕ್ಕೆ ತೆಗೆಯುವ ಘೋಷಣೆ ಆಯಿತು. 2022-23ರ ತೆರಿಗೆ ವರ್ಷದಿಂದ ಅದು ಇಲ್ಲ.

ನಡುವಿನ ವರ್ಷಗಳಲ್ಲಿ ನೆಲವೇ ಬದಲಾಗಿತ್ತು. 1974ರಲ್ಲಿ ವಿಶ್ವವಿದ್ಯಾಲಯದ ಫೀಸು ರದ್ದಾಯಿತು, 1989ರಲ್ಲಿ ಹೆಕ್ಸ್ ಎಂಬ, ವಿದ್ಯಾರ್ಥಿ ತನ್ನ ಪಾಲು ಕೊಡುವ ಯೋಜನೆಯ ಹೆಸರಿನಲ್ಲಿ ವರ್ಷಕ್ಕೆ 1,800 ಡಾಲರ್ ಆಗಿ ಮರಳಿತು. 2010ರ ನವೆಂಬರಿನಲ್ಲಿ ಅನ್‌ಸ್ಟಿಸ್ ಪ್ರಕರಣದಲ್ಲಿ ಹೈಕೋರ್ಟ್ ಇನ್ನೊಂದು ಬಾಗಿಲು ತೆರೆಯಿತು: ಸರ್ಕಾರ ಯುವಜನರಿಗೆ ಕೊಡುವ ಯೂತ್ ಅಲೊವೆನ್ಸ್ ಆ ವಿದ್ಯಾರ್ಥಿನಿಗೆ ಸಿಕ್ಕಿದ್ದು ಓದುತ್ತಿದ್ದ ಕಾರಣಕ್ಕೆ, ಅದಕ್ಕೆ ತೆರಿಗೆಯೂ ಉಂಟು, ಹಾಗಾದರೆ ಓದಿನ ಖರ್ಚು ಅದನ್ನು ಗಳಿಸುವ ಖರ್ಚೇ ತಾನೆ? ಹೌದೆಂದಿತು ನ್ಯಾಯಾಲಯ. ವಿವಾದದ ಮೊತ್ತ ಬರೀ 920 ಡಾಲರ್. 2011ರ ಜುಲೈಯಿಂದ ಅನ್ವಯವಾಗುವಂತೆ ಸಂಸತ್ತು ಕಾಯ್ದೆ ತಿದ್ದಿ ಆ ಬಾಗಿಲು ಮುಚ್ಚಿತು.

2013ರ ಏಪ್ರಿಲಿನಲ್ಲಿ ಬಂದದ್ದು ಓದಿನ ಖರ್ಚಿನ ಕಡಿತಕ್ಕೆ ವರ್ಷಕ್ಕೆ 2,000 ಡಾಲರಿನ ಮಿತಿ ಹೇರುವ ಪ್ರಸ್ತಾಪ. ವೈದ್ಯರ ಸಂಘ, ವಿಶ್ವವಿದ್ಯಾಲಯಗಳು ಒಟ್ಟಾಗಿ ವಿರೋಧಿಸಿದವು. ಮೊದಲು ಮುಂದೂಡಿಕೆ, ಸರ್ಕಾರ ಬದಲಾದ ಮೇಲೆ ಅದೇ ನವೆಂಬರಿನಲ್ಲಿ ಕೈಬಿಡುವ ನಿರ್ಧಾರ. 2020ರ ಅಕ್ಟೋಬರಿನಲ್ಲಿ, ಈಗಿನ ಕೆಲಸಕ್ಕೆ ಸಂಬಂಧವಿಲ್ಲದ ಓದಿಗೂ ಕಡಿತ ಕೊಡುವ ಬಗ್ಗೆ ಸಮಾಲೋಚನೆ ನಡೆಸುವುದಾಗಿ ಸರ್ಕಾರ ಹೇಳಿತು. ಅದು ಕಾನೂನಾಗಲಿಲ್ಲ. ಇಡೀ ಚರಿತ್ರೆಯಲ್ಲಿ ಕೈತಪ್ಪಿದ ದೊಡ್ಡ ಅವಕಾಶ ಇದೇ. ಓದಿನ ಖರ್ಚು ಅತಿ ಭಾರವಾಗುವುದು ಕೆಲಸ ಬದಲಿಸಲೇಬೇಕಾದವರಿಗೆ. ನಿಯಮ ನೆರವಾಗುವುದು ಆಗಲೇ ನೆಲೆ ನಿಂತವರಿಗೆ.

ನರ್ಸ್ ಒಬ್ಬರು ತುರ್ತು ಚಿಕಿತ್ಸೆಯ ಸ್ನಾತಕೋತ್ತರ ಕೋರ್ಸಿಗೆ ಪೂರ್ತಿ ಫೀಸು ಕಟ್ಟಿದರೆ ಕಡಿತ ಸಿಗುತ್ತದೆ. ವೃದ್ಧಾಶ್ರಮದಲ್ಲಿ ಆರೈಕೆ ಸಹಾಯಕಿಯಾಗಿದ್ದುಕೊಂಡು ನರ್ಸಿಂಗ್ ಪದವಿ ಓದುವವರಿಗೆ ಸಿಗುವುದಿಲ್ಲ. ತೆರಿಗೆ ಕಚೇರಿ ನರ್ಸುಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಈ ಮಾತಿದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಅರೆಕಾಲಿಕ ದುಡಿಯುತ್ತ ಐಟಿ ಮಾಸ್ಟರ್ಸ್ ಓದುವ ವಿದ್ಯಾರ್ಥಿಗೂ ಇಲ್ಲ; ಮುಂದೆ ಐಟಿ ನೌಕರಿ ಸಿಕ್ಕರೂ ಹಳೆಯ ಫೀಸನ್ನು ತಿರುಗಿ ಕೇಳುವಂತಿಲ್ಲ. ಕಾಯಂ ವೀಸಾಕ್ಕೆಂದು ಬರೆಯುವ ಇಂಗ್ಲಿಷ್ ಪರೀಕ್ಷೆ ಖಾಸಗಿ ಖರ್ಚೇ.

ಈಗ ಆಧಾರವಾಗಿರುವುದು 2024ರಲ್ಲಿ ಬಂದ ಟಿಆರ್ 2024/3 ಎಂಬ ರೂಲಿಂಗ್, ಅಂದರೆ ಕಾನೂನನ್ನು ಹೇಗೆ ಅರ್ಥೈಸುತ್ತೇವೆಂದು ತೆರಿಗೆ ಕಚೇರಿ ಹೊರಡಿಸುವ ವಿವರಣೆ. ಅದಕ್ಕೂ ಮೊದಲು ಟಿಆರ್ 98/9 ಇತ್ತು. ರಿಟರ್ನಿನಲ್ಲಿ ಬರೆಯುವ ಜಾಗ ಡಿ4. ಎಡವುವುದು ಹೆಚ್ಚಾಗಿ ಸಾಲದ ವಿಷಯದಲ್ಲಿ. ಸರ್ಕಾರದ ನೆರವಿರುವ ಸೀಟಿಗೆ ವಿದ್ಯಾರ್ಥಿ ಕೊಡುವ ಪಾಲು ಕಡಿತಕ್ಕೆ ಬರುವುದಿಲ್ಲ, ಕೈಯಿಂದ ಕಟ್ಟಿದರೂ ಹೆಕ್ಸ್-ಹೆಲ್ಪ್ ಎಂಬ ಸರ್ಕಾರಿ ಸಾಲದಲ್ಲಿ ಕಟ್ಟಿದರೂ. ಪೂರ್ತಿ ಫೀಸಿನ ಸೀಟಾದರೆ ಫೀ-ಹೆಲ್ಪ್ ಎಂಬ ಇನ್ನೊಂದು ಸರ್ಕಾರಿ ಸಾಲದಿಂದ ಕಟ್ಟಿದರೂ ಬರುತ್ತದೆ, ಆದರೆ ಫೀಸು ಬಿದ್ದ ವರ್ಷದಲ್ಲೇ ತೋರಿಸಬೇಕು. ಮುಂದೆ ಸಾಲ ತೀರಿಸುವಾಗ ಕಟ್ಟುವ ಕಂತಿಗೆ ಏನೂ ಇಲ್ಲ. ಓಡಾಟದಲ್ಲೂ ಸೂಕ್ಷ್ಮವಿದೆ: ಮನೆಯಿಂದ ಕಾಲೇಜಿಗೆ ಹೋಗಿ ಮನೆಗೇ ಮರಳಿದರೆ ಎರಡೂ ಪ್ರಯಾಣಕ್ಕೆ ಸಿಗುತ್ತದೆ, ಕೆಲಸದಿಂದ ಕಾಲೇಜಿಗೆ ಹೋಗಿ ಅಲ್ಲಿಂದ ಮನೆಗೆ ಹೋದರೆ ಮೊದಲ ಭಾಗಕ್ಕಷ್ಟೆ. 300 ಡಾಲರ್ ದಾಟಿದ ಲ್ಯಾಪ್‌ಟಾಪನ್ನು ಒಂದೇ ವರ್ಷಕ್ಕೆ ಬರೆಯದೆ ಸವಕಳಿಯಾಗಿ ಹಂಚಬೇಕು, ಮನೆಯವರು ಬಳಸಿದ ಪಾಲನ್ನು ಬಿಟ್ಟು. ರಸೀದಿಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಓದು ಮುಗಿಯುವ ಮೊದಲೇ ಕೆಲಸ ಬಿಟ್ಟಿದ್ದರೆ, ಆ ಕೆಲಸದಲ್ಲಿದ್ದ ಅವಧಿಗೆ ಸಂದ ಫೀಸನ್ನು ಮಾತ್ರ ಬೇರ್ಪಡಿಸಿ ಬರೆಯಬೇಕು.