ಪ್ರಿಂಗಲ್ಸ್: ಡಬ್ಬಿ ಚಿಪ್ಸ್ ನಡೆದು ಬಂದ ದಾರಿ

ಒಂದರ ಮೇಲೊಂದು ಅಡಕವಾಗಿ ಕೂರುವ ಪ್ರಿಂಗಲ್ಸ್ ಹುಟ್ಟಿದ್ದು ಗ್ರಾಹಕರ ದೂರಿನಿಂದ. ಚಿಪ್ಸ್ ಪೊಟ್ಟಣ ಒಡೆದರೆ ಗಾಳಿಯೇ ಹೆಚ್ಚು, ಉಳಿದದ್ದೂ ಪುಡಿಯಾಗಿ ಮೆತ್ತಗಾಗಿರುತ್ತದೆ ಎಂಬ ಆಕ್ಷೇಪಕ್ಕೆ ಪರಿಹಾರ ಹುಡುಕುವ ಹೊಣೆಯನ್ನು ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯು 1956ರಲ್ಲಿ ರಸಾಯನ ವಿಜ್ಞಾನಿ ಫ್ರೆಡ್ರಿಕ್ ಬಾವರ್ ಅವರಿಗೆ ವಹಿಸಿತು. ಕುದುರೆಯ ಜೀನಿನಂತೆ ಬಾಗಿದ ಆಕಾರವನ್ನೂ ಕೊಳವೆಯಂಥ ಡಬ್ಬಿಯನ್ನೂ ಅವರು ರೂಪಿಸಿದರಾದರೂ ರುಚಿ ಕೂಡಿಬರಲಿಲ್ಲ. ಬದಿಗೆ ಸರಿದಿದ್ದ ಆ ಕೆಲಸವನ್ನು 60ರ ದಶಕದ ನಡುವೆ ಮತ್ತೆ ಕೈಗೆತ್ತಿಕೊಂಡು ರುಚಿಯನ್ನು ಸುಧಾರಿಸಿದವರು ಅಲೆಕ್ಸಾಂಡರ್ ಲೀಪಾ. 1968ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಇದರ ಮಾರಾಟ ಶುರುವಾಯಿತು.

ಆಲೂಗಡ್ಡೆಯನ್ನು ಹೆಚ್ಚಿ ಕರಿದರೆ ಒಂದೊಂದು ಬಿಲ್ಲೆಯೂ ಒಂದೊಂದು ರೀತಿ ಸುರುಟಿಕೊಳ್ಳುತ್ತದೆ. ಅವನ್ನು ಒಪ್ಪವಾಗಿ ಪೇರಿಸಲಾಗದು. ಆದ್ದರಿಂದ ಇಲ್ಲಿ ಒಣಗಿಸಿದ ಆಲೂಗಡ್ಡೆಯ ಚೂರಿಗೆ ಬೇರೆ ಹಿಟ್ಟು, ಪಿಷ್ಟ, ನೀರು ಸೇರಿಸಿ ಕಣಕ ಮಾಡಿ, ತೆಳ್ಳಗೆ ಲಟ್ಟಿಸಿ, ಅಂಡಾಕಾರದ ಬಿಲ್ಲೆಗಳಾಗಿ ಕತ್ತರಿಸಿ, ಬಾಗಿದ ಅಚ್ಚಿನಲ್ಲಿಟ್ಟು ಕಾದ ಎಣ್ಣೆಯಲ್ಲಿ ಹಾಯಿಸುತ್ತಾರೆ. ಎಲ್ಲವೂ ಒಂದೇ ಅಳತೆಯಲ್ಲಿ ಹೊರಬರುತ್ತವೆ. ಬೇಗ ಒಡೆಯುವ, ಬೇಗ ಕೆಡುವ ಪೊಟ್ಟಣದ ಚಿಪ್ಸ್ ಆಯಾ ಪ್ರದೇಶದ ತಯಾರಕರ ಕೈಯಲ್ಲೇ ಉಳಿದಿದ್ದ ಕಾಲದಲ್ಲಿ, ದೂರದೂರಿಗೆ ಸಾಗಿಸಿ ತಿಂಗಳುಗಟ್ಟಲೆ ಇಡಬಹುದಾದ ಈ ಡಬ್ಬಿ ಅವರನ್ನೆಲ್ಲ ಕಂಗೆಡಿಸಿತು.

ಕಣಕದಿಂದ ಮಾಡಿದ್ದನ್ನು ಚಿಪ್ಸ್ ಎಂದು ಕರೆಯಬಾರದೆಂದು ಅವರು ಪಟ್ಟು ಹಿಡಿದರು. ‘ಒಣಗಿಸಿದ ಆಲೂಗಡ್ಡೆಯಿಂದ ಮಾಡಿದ ಚಿಪ್ಸ್’ ಎಂದು ಸ್ಪಷ್ಟವಾಗಿ ಮುದ್ರಿಸಿದರೆ ಮಾತ್ರ ಆ ಹೆಸರು ಬಳಸಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1975ರಲ್ಲಿ ಹೇಳಿತು. ಪ್ರತಿಸ್ಪರ್ಧಿಗಳ ಉದ್ದೇಶ ವ್ಯಾಪಾರವೇ ಆಗಿದ್ದರೂ, ತಾನು ತಿನ್ನುವುದು ಯಾವುದರಿಂದ ಆಗಿದೆ ಎಂದು ತಿಳಿಯುವುದು ಕೊಳ್ಳುವವರ ಹಕ್ಕು. ಆ ಮಟ್ಟಿಗೆ ಈ ತೀರ್ಮಾನ ನ್ಯಾಯವಾದದ್ದೇ. ಕಂಪನಿಯು ಕೊನೆಗೆ ‘ಪೊಟಾಟೊ ಕ್ರಿಸ್ಪ್ಸ್’ ಎಂಬ ಹೆಸರಿಗೆ ಹೊರಳಿತು.

ಹೆಸರಿನ ಬಗ್ಗೆ ತಕರಾರು ತೆಗೆದ ಉದ್ಯಮವೇ ಮುಂದೆ ಅದೇ ವಿಧಾನವನ್ನು ಅನುಸರಿಸಿತು. ಪೊಟ್ಟಣದ ಚಿಪ್ಸ್‌ನಲ್ಲಿ ಅಗ್ರಸ್ಥಾನದಲ್ಲಿದ್ದ ಫ್ರಿಟೊ-ಲೇ 2003ರಲ್ಲಿ ‘ಲೇಸ್ ಸ್ಟ್ಯಾಕ್ಸ್’ ಎಂಬ ಪೇರಿಸುವ ಚಿಪ್ಸ್ ಅನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾರುಕಟ್ಟೆಗೆ ತಂದು ನೇರ ಪೈಪೋಟಿಗಿಳಿಯಿತು.

ಬ್ರಿಟನ್ನಿನಲ್ಲಿ ವಾದ ತಿರುವುಮುರುವಾಯಿತು. ಅಲ್ಲಿ ಬಹುತೇಕ ಆಹಾರಕ್ಕೆ ಮೌಲ್ಯವರ್ಧಿತ ತೆರಿಗೆ ಇಲ್ಲ, ಆಲೂಗಡ್ಡೆ ಕ್ರಿಸ್ಪ್‌ಗಳಿಗೆ (ಚಿಪ್ಸ್‌ಗೆ ಅಲ್ಲಿನ ಹೆಸರು) ಇದೆ. ಅಮೆರಿಕದಲ್ಲಿ ಚಿಪ್ಸ್ ಎನ್ನಿಸಿಕೊಳ್ಳಲು ಹೋರಾಡಿದ್ದ ಕಂಪನಿಯು, ಪ್ರಿಂಗಲ್ಸ್‌ನಲ್ಲಿ ಆಲೂಗಡ್ಡೆ ಇರುವುದು ಶೇ 42ರಷ್ಟು ಮಾತ್ರ, ಇಂಥ ಆಕಾರ ನಿಸರ್ಗದಲ್ಲಿಲ್ಲ, ಆದ್ದರಿಂದ ಇದು ಕ್ರಿಸ್ಪ್ ಅಲ್ಲ ಎಂದು ಇಲ್ಲಿ ವಾದಿಸಿತು. 2008ರಲ್ಲಿ ಹೈಕೋರ್ಟ್ ಒಪ್ಪಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ ತೆರಿಗೆಯನ್ನು ಎತ್ತಿಹಿಡಿಯಿತು. ವಿಷಯವಿದ್ದದ್ದು ಸುಮಾರು 10 ಕೋಟಿ ಪೌಂಡ್ ತೆರಿಗೆಯದು.

ಮುಂದೆ ಬ್ರ್ಯಾಂಡ್ ಕೈ ಬದಲಿಸಿತು. ಡೈಮಂಡ್ ಫುಡ್ಸ್ ಜೊತೆ 2011ರಲ್ಲಿ ಆಗಿದ್ದ ಒಪ್ಪಂದವು, ವಾಲ್‌ನಟ್ ಬೆಳೆಗಾರರಿಗೆ ಆ ಕಂಪನಿ ಮಾಡಿದ ಪಾವತಿಯ ಲೆಕ್ಕದ ಗೊಂದಲದಿಂದ ಮುರಿದುಬಿತ್ತು. 2012ರಲ್ಲಿ ಕೆಲಾಗ್ಸ್ ಸುಮಾರು 270 ಕೋಟಿ ಡಾಲರ್‌ಗೆ ಇದನ್ನು ಕೊಂಡಿತು. ಕೆಲಾಗ್ಸ್ 2023ರಲ್ಲಿ ಇಬ್ಭಾಗವಾದಾಗ ಪ್ರಿಂಗಲ್ಸ್ ಕೆಲನೋವಾದ ಪಾಲಿಗೆ ಬಂತು. 2024ರ ಆಗಸ್ಟ್‌ನಲ್ಲಿ ಆ ಕಂಪನಿಯನ್ನೇ ಖರೀದಿಸುವುದಾಗಿ ಮಾರ್ಸ್ ಪ್ರಕಟಿಸಿತು.