ಅಮಿನೋಅಸೈಲ್-ಟಿಆರ್‌ಎನ್‌ಎ ಸಿಂಥಟೇಸ್: ಹೆಸರನ್ನು ಅರ್ಧಕ್ಕೆ ಕತ್ತರಿಸಬೇಡಿ

‘ಟಿಆರ್‌ಎನ್‌ಎ ಸಿಂಥಟೇಸ್ ಎಂದರೆ ಟಿಆರ್‌ಎನ್‌ಎ ತಯಾರಿಸುವ ಕಿಣ್ವ.’ ಪರೀಕ್ಷಾ ಟಿಪ್ಪಣಿಗಳಲ್ಲಿ ಈ ಸಾಲು ಇನ್ನೂ ಓಡಾಡುತ್ತಿದೆ. ಟಿಆರ್‌ಎನ್‌ಎ ಎಂದರೆ ಪ್ರೋಟೀನ್ ಕಟ್ಟಲು ಅಮಿನೋ ಆಮ್ಲ ಹೊತ್ತು ತರುವ ಪುಟ್ಟ ಆರ್‌ಎನ್‌ಎ. ಅದನ್ನು ತಯಾರಿಸುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಬೇರೆ ಕಿಣ್ವ. ಸಿಂಥಟೇಸ್ ಮಾಡುವುದು ಸಿದ್ಧವಾಗಿರುವ ಟಿಆರ್‌ಎನ್‌ಎಯ ತುದಿಗೆ ಅಮಿನೋ ಆಮ್ಲ ಕೂಡಿಸುವ ಕೆಲಸ. ಉದ್ದವಾಯಿತೆಂದು, ಅಮಿನೋ ಆಮ್ಲವನ್ನು ಸೂಚಿಸುವ ‘ಅಮಿನೋಅಸೈಲ್’ ಬಿಟ್ಟರೆ ಅರ್ಥವೇ ಬಿಟ್ಟುಹೋಗುತ್ತದೆ.

ಇದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ: ಟಿಆರ್‌ಎನ್‌ಎ ತನ್ನ ಅಮಿನೋ ಆಮ್ಲವನ್ನು ತಾನೇ ಗುರುತಿಸುತ್ತದೆ, ತಪ್ಪಿದರೆ ಪ್ರೋಟೀನ್ ಕಟ್ಟುವ ರೈಬೋಸೋಮ್ ಹಿಡಿಯುತ್ತದೆ ಎಂಬ ನಂಬಿಕೆ. 1962ರಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ. ಸಿಸ್ಟೀನ್ ಹೊತ್ತ ಟಿಆರ್‌ಎನ್‌ಎಯನ್ನು ನಿಕ್ಕಲ್‌ನಿಂದ ಸಂಸ್ಕರಿಸಿ, ಗಂಧಕ ತೆಗೆದು, ಸಿಸ್ಟೀನನ್ನು ಅಲನೀನ್ ಮಾಡಿದರು. ರೈಬೋಸೋಮ್ ಒಂದಿಷ್ಟೂ ತಡೆಯದೆ ಸಿಸ್ಟೀನ್ ಇರಬೇಕಾದ ಜಾಗಕ್ಕೆ ಅಲನೀನ್ ಸೇರಿಸಿತು. ಅದು ನೋಡುವುದು ಕೋಡಾನ್ (ಸಂದೇಶವಾಹಕ ಆರ್‌ಎನ್‌ಎಯ ಮೂರಕ್ಷರ) ಮತ್ತು ಆಂಟಿಕೋಡಾನ್ (ಅದಕ್ಕೆ ಜೋಡಿಯಾಗುವ ಟಿಆರ್‌ಎನ್‌ಎಯ ಮೂರಕ್ಷರ) ಹೊಂದಿಕೆಯನ್ನು. ಹೊರೆ ಯಾವುದೆಂದು ತಿರುಗಿ ನೋಡುವುದಿಲ್ಲ. ಯಾವ ಕೋಡಾನ್‌ಗೆ ಯಾವ ಅಮಿನೋ ಆಮ್ಲ ಎಂಬ ನಂಟು ಕೂಡುವುದು ಸಿಂಥಟೇಸ್‌ನಲ್ಲಿ. ಆ ಶ್ರೇಯವನ್ನು ರೈಬೋಸೋಮ್‌ಗೆ ಕೊಡುವುದು ಅನ್ಯಾಯ.

ಸಿಂಥಟೇಸ್ ಸದಾ ಆಂಟಿಕೋಡಾನನ್ನೇ ಓದುತ್ತದೆ ಎಂದೂ ಬರೆಯಬೇಡಿ. ಇ. ಕೋಲೈ ಬ್ಯಾಕ್ಟೀರಿಯಾದ ಅಲನೀನ್ ಸಿಂಥಟೇಸ್‌ಗೆ ಮುಖ್ಯ ಗುರುತು ಅಲ್ಲಿಂದ ದೂರ, ಅಮಿನೋ ಆಮ್ಲ ಕೂರುವ ಕಾಂಡದಲ್ಲಿರುವ ಒಂದೇ ಒಂದು ಅಕ್ಷರ ಜೋಡಿ: 3ನೇ ಸ್ಥಾನದ ಜಿ, 70ನೇ ಸ್ಥಾನದ ಯು. 1988ರಲ್ಲಿ ಯಾ-ಮಿಂಗ್ ಹೌ ಮತ್ತು ಪಾಲ್ ಶಿಮ್ಮೆಲ್ ಈ ಜೋಡಿಯನ್ನು ಬೇರೆ ಟಿಆರ್‌ಎನ್‌ಎಗೆ ಕೂರಿಸಿದಾಗ ಅದೂ ಅಲನೀನ್ ಹೊತ್ತಿತು.

ಕೆಲಸ ಎರಡು ಹಂತದ್ದು. ಕೋಶದ ಶಕ್ತಿಯ ಅಣುವಾದ ಎಟಿಪಿ ಬಳಸಿ ಅಮಿನೋ ಆಮ್ಲವನ್ನು ಅದರ ತುಂಡಾದ ಎಎಂಪಿಗೆ ಜೋಡಿಸುವುದು, ಅಲ್ಲಿಂದ ಟಿಆರ್‌ಎನ್‌ಎಯ ಕೊನೆಯ ಅಕ್ಷರವಾದ ಅಡಿನೋಸಿನ್‌ಗೆ ದಾಟಿಸುವುದು. ರಚನೆಯಲ್ಲೂ ಎರಡು ವರ್ಗ. ಒಂದನೆಯದರ ಕ್ರಿಯಾಕೇಂದ್ರ ರಾಸ್‌ಮನ್ ಮಡಿಕೆ (ಒಂದೇ ದಿಕ್ಕಿನ ಎಳೆಗಳ ಹಾಳೆ, ಸುತ್ತ ಸುರುಳಿಗಳು), ಎರಡನೆಯದರದ್ದು ವಿರುದ್ಧ ದಿಕ್ಕಿನ ಎಳೆಗಳ ಬೀಟಾ ಹಾಳೆ. ಒಂದರ ಮಡಿಕೆಗೂ ಇನ್ನೊಂದಕ್ಕೂ ಹೋಲಿಕೆಯಿಲ್ಲ.

ಐಸೋಲ್ಯೂಸಿನ್ ಸಿಂಥಟೇಸ್‌ನ ಪಾಡು ಕಷ್ಟದ್ದು. ವ್ಯಾಲಿನ್ ಎಂಬ ಅಮಿನೋ ಆಮ್ಲ ಐಸೋಲ್ಯೂಸಿನ್‌ಗಿಂತ ಒಂದೇ ಒಂದು ಮೀಥಿಲೀನ್ ಗುಂಪಿನಷ್ಟು ಚಿಕ್ಕದು, ಹಾಗಾಗಿ ಅದೇ ಗೂಡಿಗೆ ನುಸುಳುತ್ತದೆ. ಅದಕ್ಕೆಂದೇ ಕಿಣ್ವದಲ್ಲಿ ಎರಡನೇ ಗೂಡು ಇದೆ. ಐಸೋಲ್ಯೂಸಿನ್ ಅದರೊಳಗೆ ಹಿಡಿಸದು. ವ್ಯಾಲಿನ್ ಹಿಡಿಸುತ್ತದೆ, ಅಲ್ಲೇ ಕಳಚಿಹೋಗುತ್ತದೆ. ರಸಾಯನಶಾಸ್ತ್ರಜ್ಞ ಅಲನ್ ಫರ್ಷ್ಟ್ ಇದನ್ನು ಎರಡು ಜರಡಿ ಎಂದರು. ಚರ್ಮದ ಸೋಂಕಿಗೆ ಹಚ್ಚುವ ಮ್ಯುಪಿರೋಸಿನ್ ಮುಲಾಮು ಕಟ್ಟಿಹಾಕುವುದೂ ಬ್ಯಾಕ್ಟೀರಿಯಾಗಳ ಈ ಕಿಣ್ವವನ್ನೇ. ಐಸೋಲ್ಯೂಸಿನ್ ಹೊತ್ತ ಟಿಆರ್‌ಎನ್‌ಎ ಸಿಗದೆ ಅವುಗಳ ಪ್ರೋಟೀನ್ ತಯಾರಿ ನಿಲ್ಲುತ್ತದೆ.