ಆರು ಘೋರ ಉಲ್ಲಂಘನೆಗಳು

ಯುದ್ಧದ ಸಿನಿಮಾಗಳ ಪರಿಚಯದಲ್ಲಿ ‘ಸಂಘರ್ಷಪೀಡಿತ ಮಕ್ಕಳು’ ಎಂಬ ಮಾತು ಧಾರಾಳವಾಗಿ ಬರುತ್ತದೆ. ಯುದ್ಧದಲ್ಲಿ ಮಕ್ಕಳ ಮೇಲೆ ನಡೆಯುವ ಘೋರ ಉಲ್ಲಂಘನೆಗಳನ್ನು ಎಣಿಸುವ ವಿಶ್ವಸಂಸ್ಥೆಯ ಕಡತದಲ್ಲಿ ಅಷ್ಟು ಧಾರಾಳವಿಲ್ಲ. ಉದಾಹರಣೆಗೆ, 1950ರ ದಶಕದಲ್ಲಿ ಮಂಗೋಲಿಯ ಉತ್ತರ ಕೊರಿಯಾದ ಸುಮಾರು 200 ಯುದ್ಧ ಅನಾಥರನ್ನು ಕರೆತಂದು ಸಾಕಿತು. ಆ ಮಕ್ಕಳು ಯುದ್ಧದಿಂದ ನೊಂದವರೆನ್ನಲು ಯಾರ ಅಪ್ಪಣೆಯೂ ಬೇಡ. ಆದರೆ ಅನಾಥರಾದದ್ದು, ಊರು ಬಿಟ್ಟದ್ದು ಇಂದಿನ ಲೆಕ್ಕದ ಯಾವ ಕಾಲಮಿಗೂ ಸೇರುವುದಿಲ್ಲ.

ಲೆಕ್ಕಕ್ಕೆ ಬರುವ ಕೃತ್ಯಗಳು ಆರೇ: ಕೊಲೆ ಅಥವಾ ಅಂಗಹಾನಿ, ಪಡೆಗೆ ಸೇರಿಸುವುದು ಅಥವಾ ಬಳಸುವುದು, ಲೈಂಗಿಕ ಹಿಂಸೆ, ಅಪಹರಣ, ಶಾಲೆ-ಆಸ್ಪತ್ರೆಗಳ ಮೇಲೆ ದಾಳಿ, ನೆರವು ತಲುಪದಂತೆ ತಡೆಯುವುದು. ಮಗು ಎಂದರೆ 18 ತುಂಬದವರು. ಹೆಚ್ಚಿನವರು ಎಡವುವುದು ‘ಬಳಸುವುದು’ ಎಂಬಲ್ಲಿ. ಕೈಯಲ್ಲಿ ಬಂದೂಕು ಇರಲೇಬೇಕೆಂದಿಲ್ಲ. ಶಿಬಿರದಲ್ಲಿ ಅಡುಗೆ ಮಾಡಿದ ಹುಡುಗಿ, ಮದ್ದುಗುಂಡು ಹೊತ್ತ ಹುಡುಗ, ಸುದ್ದಿ ಮುಟ್ಟಿಸಿದವರು ಎಲ್ಲರೂ ಇದರೊಳಗೆ ಬರುತ್ತಾರೆ. ‘ತಾನಾಗಿಯೇ ಬಂದ’ ಎಂಬ ಬಂಡುಕೋರರ ಸಮಜಾಯಿಷಿ ನಡೆಯದು.

ಎಣಿಕೆಯ ವ್ಯವಸ್ಥೆ ಹುಟ್ಟಿದ್ದು 2005ರಲ್ಲಿ, ಭದ್ರತಾ ಮಂಡಳಿಯ 1612ನೇ ನಿರ್ಣಯದಿಂದ. ಆಯಾ ದೇಶದಲ್ಲಿ ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಅತಿ ಹಿರಿಯ ಪ್ರತಿನಿಧಿ ಸೇರಿ ಕಾರ್ಯಪಡೆ ನಡೆಸುತ್ತಾರೆ. ದೂರು ಬಂದರಷ್ಟೇ ಸಾಲದು. ಸಂತ್ರಸ್ತರು, ಕಣ್ಣಾರೆ ಕಂಡವರು ಅಥವಾ ಅಷ್ಟೇ ನಂಬಬಹುದಾದ ನೇರ ಮೂಲದಿಂದ ಪ್ರಕರಣ ಖಚಿತವಾಗಬೇಕು. ತಡವಾಗಿ ಖಚಿತವಾದದ್ದು ಮುಂದಿನ ವರ್ಷದ ವರದಿಗೆ ಹೋಗುತ್ತದೆ. ರಸ್ತೆ ಬಂದಾದ, ಫೋನ್ ಸತ್ತ ಪ್ರದೇಶಕ್ಕೆ ಕಾರ್ಯಪಡೆ ಹೋಗಲಾಗದು. ಹಾಗಾಗಿ ಅಲ್ಲಿನ ಅಂಕಿ ಕಡಿಮೆ ಇದ್ದರೆ ಶಾಂತಿಯಿದೆ ಎಂದು ಓದಬಾರದು.

ತಪ್ಪಿತಸ್ಥ ಪಡೆಗಳ ಹೆಸರು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯ ವಾರ್ಷಿಕ ವರದಿಯ ಅನುಬಂಧಕ್ಕೆ ಸೇರುತ್ತದೆ. ಮೊದಲು ಮಕ್ಕಳನ್ನು ಪಡೆಗೆ ಸೇರಿಸುವುದು ಅಥವಾ ಬಳಸುವುದಕ್ಕಷ್ಟೇ ಇದ್ದ ಈ ಶಿಕ್ಷೆಗೆ 2009ರಲ್ಲಿ ಕೊಲೆ ಮತ್ತು ಲೈಂಗಿಕ ಹಿಂಸೆ, 2011ರಲ್ಲಿ ಶಾಲೆ-ಆಸ್ಪತ್ರೆ ದಾಳಿ, 2015ರಲ್ಲಿ ಅಪಹರಣ ಸೇರಿದವು. ಆರನೆಯದು ಸೇರಿಲ್ಲ. ಹಿಟ್ಟಿನ ಲಾರಿ ತಡೆದವರ ಕೃತ್ಯ ವರದಿಯಲ್ಲಿ ದಾಖಲಾದೀತು, ಆ ಒಂದೇ ಕಾರಣಕ್ಕೆ ಹೆಸರು ಪಟ್ಟಿಗೇರದು. ಇದು ಸಣ್ಣ ಲೋಪವೇನಲ್ಲ.

ಪಟ್ಟಿಯಿಂದ ಹೊರಬರಲು ಸಾಮಾನ್ಯವಾಗಿ ವಿಶ್ವಸಂಸ್ಥೆಯೊಡನೆ ಕ್ರಿಯಾಯೋಜನೆಗೆ ಸಹಿ ಹಾಕಿ, ಮಕ್ಕಳನ್ನು ಬಿಡುಗಡೆ ಮಾಡಿ, ವಯಸ್ಸು ಪರೀಕ್ಷಿಸುವ ಪದ್ಧತಿ ತರಬೇಕು. ಅಡ್ಡದಾರಿಯೂ ಇದೆ: 2016ರಲ್ಲಿ ಯೆಮನ್ ಯುದ್ಧದ ವಿಚಾರವಾಗಿ ಸೇರಿಸಿದ್ದ ಸೌದಿ ನೇತೃತ್ವದ ಒಕ್ಕೂಟದ ಹೆಸರನ್ನು ಆಗಿನ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಕೆಲವೇ ದಿನಗಳಲ್ಲಿ ತೆಗೆದರು, ವಿಶ್ವಸಂಸ್ಥೆಯ ಕಾರ್ಯಕ್ರಮಗಳಿಗೆ ಬರುವ ಅನುದಾನ ನಿಲ್ಲುವ ಭಯವಿತ್ತೆಂದು ಅವರೇ ಒಪ್ಪಿಕೊಂಡರು.

ವರದಿಯಲ್ಲಿ ಪ್ರಸ್ತಾಪವಾಗುವುದೇ ಬೇರೆ, ಅನುಬಂಧದಲ್ಲಿ ಹೆಸರಿರುವುದೇ ಬೇರೆ. ಜಮ್ಮು-ಕಾಶ್ಮೀರದ ಕಾರಣಕ್ಕೆ ಭಾರತ ಹಲವು ವರ್ಷ ವರದಿಯ ಪುಟಗಳಲ್ಲಿತ್ತು, 2023ರಲ್ಲಿ ಅದನ್ನು ಕೈಬಿಟ್ಟರು. ಭಾರತದ ಭದ್ರತಾ ಪಡೆಗಳ ಹೆಸರು ಅನುಬಂಧದಲ್ಲಿ ಇರಲೇ ಇಲ್ಲ.